ವಿಟಮಿನ್ ಎ ಎಣ್ಣೆಯಲ್ಲಿ ಕರಗ್ತದ, ರಕ್ತ ಅಂದ್ರ ನೀರು. ಹಂಗಾದ್ರ ಅದು ಕಣ್ಣಿಗೆ ಹೆಂಗ ಮುಟ್ಟತದ?

ವಿಜಯಪುರದ ಮಾಸ್ತರ · ಸೋಮವಾರ, ರಾತ್ರಿ 9:10

ಎಲ್ಲರಿಗೂ ನಮಸ್ಕಾರ. ವಿಜಯಪುರ ಜಿಲ್ಲೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸ್ತೀನಿ. ಇವತ್ತು ಹಲಗೆ ಮೇಲೆ ‘ಎ, ಡಿ, ಇ, ಕೆ ಕೊಬ್ಬಿನಲ್ಲಿ ಕರಗುತ್ತವೆ, ಬಿ, ಸಿ ನೀರಿನಲ್ಲಿ ಕರಗುತ್ತವೆ’ ಅಂತ ಬರೆದೆ. ಅದರ ಕೆಳಗೆ ‘ವಿಟಮಿನ್ ಎ ಕೊರತೆಯಿಂದ ಇರುಳುಗುರುಡು’ ಅಂತ ಬರೆದು ಮುಂದೆ ಹೊರಟಿದ್ದೆ. ಕಿಟಕಿ ಪಕ್ಕದ ಹುಡುಗಿ ಎದ್ದು ನಿಂತಳು. “ಸರ್, ಎಣ್ಣಿ ನೀರಾಗ ಕೂಡೂದಿಲ್ಲ. ರಕ್ತದಾಗ ಇರೂದು ಬರೇ ನೀರು ಅಂತ ನೀವ ಹೇಳೀರಿ. ಮತ್ತ ಆ ವಿಟಮಿನ್ ಹೊಟ್ಟಿಯಿಂದ ಕಣ್ಣಿನ ತನಕ ಹೆಂಗ ಹೋಗ್ತದ?”

ಹದಿನೆಂಟು ವರ್ಷದಿಂದ ಈ ಎರಡು ಸಾಲನ್ನು ಒಂದರ ಕೆಳಗೊಂದು ಬರೀತಾ ಬಂದೀನಿ. ಎರಡರ ನಡುವೆ ಇಷ್ಟು ದೊಡ್ಡ ಪ್ರಶ್ನೆ ಇದೆ ಅಂತ ನನಗೆ ಹೊಳೆದಿರಲಿಲ್ಲ. ಗುರುವಾರ ಉತ್ತರ ಹೇಳ್ತೀನಿ ಅಂತ ಮಾತು ಕೊಟ್ಟೀನಿ. ಬಲ್ಲವರು ದಯವಿಟ್ಟು ಬಿಡಿಸಿ ಹೇಳಿ. ಸೂತ್ರ, ಸಮೀಕರಣ ಬೇಡ, ದಾರಿ ಬೇಕು.

ಖಾನಾಪುರ ಫಾರ್ಮಾ · ಸೋಮವಾರ, ರಾತ್ರಿ 9:32

ರಕ್ತದಲ್ಲಿರುವ ಅಲ್ಬುಮಿನ್ ಅನ್ನೋ ಪ್ರೋಟೀನ್ ಹೊರುತ್ತೆ ಅನ್ಕೋತೀನಿ ಸರ್. ರಕ್ತದಲ್ಲಿ ಎಣ್ಣೆ ಸ್ವಭಾವದ ಎಷ್ಟೋ ಔಷಧಿಗಳನ್ನು ಹೊರೋದು ಅದೇ.

ನವನಗರ ಬಯೋಕೆಮ್ · ಸೋಮವಾರ, ರಾತ್ರಿ 10:48

ಬಾಗಲಕೋಟೆಯಲ್ಲಿ ಜೀವರಸಾಯನಶಾಸ್ತ್ರ ಪಾಠ ಮಾಡ್ತೀನಿ. ಅಲ್ಬುಮಿನ್ ಅನ್ನೋ ಊಹೆ ತರ್ಕಬದ್ಧವಾಗಿದೆ, ಆದರೆ ಇಲ್ಲಿ ವಿಷಯ ಬೇರೆ. ವಿಟಮಿನ್ ಎಗೆ ಅಂತಲೇ ಒಂದು ಪ್ರತ್ಯೇಕ ಗಾಡಿ ಇದೆ. ಅಲ್ಲಿಗೆ ಬರುವ ಮೊದಲು ಹೊಟ್ಟೆಯಿಂದ ಶುರು ಮಾಡೋಣ, ಯಾಕಂದ್ರೆ ಪ್ರಯಾಣ ಎರಡು ಹಂತದ್ದು, ಎರಡಕ್ಕೂ ಬೇರೆ ಬೇರೆ ವಾಹನ.

ಗಜ್ಜರಿ, ಮೆಂತೆ ಪಲ್ಯ, ನುಗ್ಗೆ ಸೊಪ್ಪಿನಲ್ಲಿ ಇರೋದು ವಿಟಮಿನ್ ಎ ಅಲ್ಲ, ಬೀಟಾ ಕ್ಯಾರೋಟಿನ್. ಸಣ್ಣ ಕರುಳಿನ ಗೋಡೆಯ ಜೀವಕೋಶ ಅದನ್ನು ಒಳಗೆ ಎಳೆದುಕೊಂಡು ಸರಿಯಾಗಿ ನಡುವೆ ಕತ್ತರಿಸುತ್ತೆ. ಎರಡು ರೆಟಿನಾಲ್ಡಿಹೈಡ್ ಸಿಗ್ತವೆ, ಅವು ರೆಟಿನಾಲ್, ಅಂದ್ರೆ ವಿಟಮಿನ್ ಎ ಆಗ್ತವೆ. ಹಾಲು, ತುಪ್ಪ, ಮೊಟ್ಟೆ, ಲಿವರ್‌ನಲ್ಲಿ ಮಾತ್ರ ಸಿದ್ಧ ವಿಟಮಿನ್ ಎ ಸಿಗುತ್ತೆ. ಎರಡೂ ಕಡೆಯಿಂದ ಬಂದದ್ದಕ್ಕೆ ಕರುಳಿನ ಕೋಶ ಒಂದು ಕೊಬ್ಬಿನಾಮ್ಲ ಜೋಡಿಸಿ, ಊಟದ ಉಳಿದ ಕೊಬ್ಬಿನ ಜೊತೆ ಸಣ್ಣ ಸಣ್ಣ ಹನಿಗಳಲ್ಲಿ ತುಂಬುತ್ತೆ. ಆ ಹನಿಗೆ ಕೈಲೋಮೈಕ್ರಾನ್ ಅಂತ ಹೆಸರು. ಒಳಗೆ ಎಣ್ಣೆ, ಹೊರಗೆ ನೀರಿಗೆ ಒಗ್ಗುವ ತೆಳು ಹೊದಿಕೆ.

ಹೋಳಿಗೆ ತುಪ್ಪ ಗಡದ್ದಾಗಿ ಉಂಡವರ ರಕ್ತ ಎರಡು ಮೂರು ತಾಸಿನಲ್ಲಿ ತೆಗೆದು ನಿಲ್ಲಿಸಿದರೆ, ಮೇಲೆ ನಿಲ್ಲುವ ದ್ರವ, ಅಂದ್ರೆ ಸೀರಂ, ಮಜ್ಜಿಗೆ ನೀರಿನಂತೆ ಮಸುಕಾಗಿ ಕಾಣುತ್ತೆ. ಲ್ಯಾಬಿನಲ್ಲಿ ಕೆಲಸ ಮಾಡೋರು ದಿನಾ ನೋಡಿರ್ತೀರಿ. ಆ ಮಸುಕು ಈ ಹನಿಗಳದ್ದೇ. ಇವು ನೇರವಾಗಿ ರಕ್ತಕ್ಕೆ ಇಳಿಯೋದಿಲ್ಲ. ಮೊದಲು ದುಗ್ಧನಾಳ ಸೇರಿ, ಎದೆಯ ಮೂಲಕ ಮೇಲೇರಿ, ಕುತ್ತಿಗೆಯ ಬುಡದಲ್ಲಿ ದೊಡ್ಡ ರಕ್ತನಾಳಕ್ಕೆ ಸೇರ್ತವೆ. ದಾರಿಯಲ್ಲಿ ಕೊಬ್ಬನ್ನು ಇಳಿಸುತ್ತಾ ಸಣ್ಣದಾಗಿ, ಕೊನೆಗೆ ಬಹುಪಾಲು ಲಿವರ್‌ಗೆ ಹೋಗ್ತವೆ. ಲಿವರ್‌ನ ನಕ್ಷತ್ರಾಕಾರದ ಕೋಶಗಳಲ್ಲಿ ವಿಟಮಿನ್ ಎ ದಾಸ್ತಾನು ಆಗುತ್ತೆ. ಚೆನ್ನಾಗಿ ಉಣ್ಣುವವರಿಗೆ ತಿಂಗಳುಗಟ್ಟಲೆ ಸಾಕಾಗುವಷ್ಟು ಅಲ್ಲಿ ಇರುತ್ತೆ.

ಊಟದಲ್ಲಿ ಎಣ್ಣೆಯೇ ಇಲ್ಲದಿದ್ದರೆ ಈ ಹನಿ ಸರಿಯಾಗಿ ಕಟ್ಟೋದಿಲ್ಲ. ಬರೀ ಹಸಿ ಗಜ್ಜರಿ ಕಡಿದರೆ ಹೆಚ್ಚಿನ ಕ್ಯಾರೋಟಿನ್ ಹಾಗೇ ಹೊರಗೆ ಹೋಗುತ್ತೆ. ಎರಡನೇ ಗಾಡಿಯ ಕಥೆ ನಾಳೆ ಬರೀತೀನಿ, ನಿದ್ದೆ ಬಂತು.

ಜಮಖಂಡಿ ಗೃಹಿಣಿ · ಮಂಗಳವಾರ, ಬೆಳಗ್ಗೆ 6:55

ನಮ್ಮ ಅವ್ವ ಪುಂಡಿ ಪಲ್ಲೆ ಮ್ಯಾಲ ಬಿಸಿ ಕುಸುಬಿ ಎಣ್ಣಿ ಒಗ್ಗರಣಿ ಹಾಕದ ತಾಟಿಗೆ ಬಡಸ್ತಿರಲಿಲ್ಲ. “ಎಣ್ಣಿ ಇಲ್ಲದ ಪಲ್ಲೆ ದನದ ಮೇವು” ಅಂತಿದ್ದಳು. ಇವತ್ತು ಅದಕ್ಕ ಕಾರಣ ಗೊತ್ತಾತು.

ನವನಗರ ಬಯೋಕೆಮ್ · ಮಂಗಳವಾರ, ಮಧ್ಯಾಹ್ನ 1:20

ಈಗ ಹುಡುಗಿಯ ಪ್ರಶ್ನೆಯ ನಡುಮಧ್ಯಕ್ಕೆ ಬಂದ್ವಿ.

ಲಿವರ್‌ನಿಂದ ಹೊರಡುವಾಗ ವಿಟಮಿನ್ ಎ ರೆಟಿನಾಲ್ ರೂಪದಲ್ಲಿರುತ್ತೆ. ಅದನ್ನು ಬಿಡಿಯಾಗಿ ರಕ್ತಕ್ಕೆ ಬಿಟ್ಟರೆ ಎರಡು ತೊಂದರೆ. ನೀರಿನಲ್ಲಿ ಕರಗೋದಿಲ್ಲ, ಅದು ಒಂದು. ಸಿಕ್ಕ ಸಿಕ್ಕ ಜೀವಕೋಶದ ಪೊರೆಯೊಳಗೆ ನುಗ್ಗಿ ಅದನ್ನು ಕೆಡಿಸುತ್ತೆ, ಅದು ಇನ್ನೊಂದು. ಹಾಗಾಗಿ ಲಿವರ್ ಒಂದು ಪ್ರೋಟೀನ್ ತಯಾರಿಸುತ್ತೆ. ಹೆಸರು ರೆಟಿನಾಲ್ ಬೈಂಡಿಂಗ್ ಪ್ರೋಟೀನ್, ಚಿಕ್ಕದಾಗಿ ಆರ್‌ಬಿಪಿ. 1968ರಲ್ಲಿ ಇದನ್ನು ಮನುಷ್ಯರ ರಕ್ತದಿಂದ ಬೇರ್ಪಡಿಸಿದರು. 1984ರಲ್ಲಿ ಅದರ ಆಕಾರ ಸ್ಫಟಿಕದ ಮೂಲಕ ತಿಳೀತು. ಎಂಟು ಪಟ್ಟಿಗಳನ್ನು ಸುತ್ತಿ ಮಾಡಿದ ಒಂದು ಸಣ್ಣ ಪೀಪಾಯಿ ಅಂದ್ಕೊಳ್ಳಿ. ರೆಟಿನಾಲ್‌ನ ಎಣ್ಣೆ ಸ್ವಭಾವದ ತಲೆ ಪೀಪಾಯಿಯ ಆಳದಲ್ಲಿ, ನೀರಿಗೆ ಸ್ವಲ್ಪ ಒಗ್ಗುವ ಬಾಲದ ತುದಿ ಬಾಯಿಯ ಹತ್ತಿರ. ಪೀಪಾಯಿಯ ಒಳಮೈ ಎಣ್ಣೆಗೆ ಹಿತ, ಹೊರಮೈ ನೀರಿಗೆ ಹಿತ. ಒಂದು ಪೀಪಾಯಿಗೆ ಒಂದೇ ಒಂದು ರೆಟಿನಾಲ್, ಎರಡನೆಯದಕ್ಕೆ ಜಾಗ ಇಲ್ಲ.

ಆದರೆ ಆರ್‌ಬಿಪಿ ತೀರಾ ಸಣ್ಣದು, ತೂಕ ಸುಮಾರು 21,000 ಡಾಲ್ಟನ್ (ಅಣುಗಳ ತೂಕದ ಅಳತೆ). ಈ ಗಾತ್ರದ ಪ್ರೋಟೀನ್ ಕಿಡ್ನಿಯ ಜರಡಿಯಲ್ಲಿ ಸೋರಿಹೋಗುತ್ತೆ. ಅದಕ್ಕೇ ರಕ್ತದಲ್ಲಿ ಅದು ಇನ್ನೊಂದು ದೊಡ್ಡ ಪ್ರೋಟೀನನ್ನು ಅಪ್ಪಿಕೊಂಡು ಓಡಾಡುತ್ತೆ. ಇದರ ಹೆಸರು ಟ್ರಾನ್ಸ್‌ಥೈರೆಟಿನ್, ತೂಕ ಸುಮಾರು 55,000. ಇಬ್ಬರೂ ಕೂಡಿದರೆ ಜರಡಿಯ ಕಣ್ಣಿಗಿಂತ ದೊಡ್ಡದಾಗ್ತಾರೆ, ಸೋರೋದಿಲ್ಲ. ಆ ಹೆಸರಿನಲ್ಲೇ ಅದರ ಕೆಲಸ ಅಡಗಿದೆ: ಥೈರಾಯ್ಡ್ ಹಾರ್ಮೋನನ್ನೂ ರೆಟಿನಾಲನ್ನೂ ಸಾಗಿಸುವುದು.

ಇದಿಷ್ಟು ನಮ್ಮೊಳಗೆ ಈ ಗಳಿಗೆಯಲ್ಲೂ ನಡೀತಾ ಇದೆ. ಪ್ರತಿ ಸಲ ಪಾಠ ಮಾಡುವಾಗ ನನಗೆ ಮೈ ಜುಂ ಅನ್ನುತ್ತೆ.

ಇನ್ನೊಂದು ಮಾತು, ಇದನ್ನು ಮರೀಬೇಡಿ. ರೆಟಿನಾಲ್ ಹತ್ತದೆ ಆರ್‌ಬಿಪಿ ಲಿವರ್‌ನಿಂದ ಹೊರಡೋದೇ ಅಪರೂಪ. ವಿಟಮಿನ್ ಎ ಕೊರತೆ ಇದ್ದವರ ಲಿವರ್ ಕೋಶದಲ್ಲಿ ಖಾಲಿ ಗಾಡಿಗಳು ಸಾಲಾಗಿ ನಿಂತಿರ್ತವೆ. ಸರಕು ಬಂದ ಕೂಡಲೇ ಹೊರಡ್ತವೆ.

ಅಂಗನವಾಡಿ ಅಕ್ಕ, ಇಂಡಿ ಕಡೆ · ಮಂಗಳವಾರ, ರಾತ್ರಿ 8:05

ಎಲ್ಲಾ ಓದಿದೆ ರೀ. ನನಗ ಇಷ್ಟು ಶಾಸ್ತ್ರ ಗೊತ್ತಿಲ್ಲ, ಆದ್ರ ಕಣ್ಣಾರೆ ಕಂಡಿದ್ದು ಒಂದು ಹೇಳ್ತೀನಿ. ಇದರಾಗ ನನ್ನದೊಂದು ತಪ್ಪೂ ಅದ.

ಹ್ವಾದ ವರ್ಷ ಒಂದು ಕುಟುಂಬ ಕಬ್ಬು ಕಡ್ಯಾಕ ಮಹಾರಾಷ್ಟ್ರಕ್ಕ ಹೋಗಿ ಐದು ತಿಂಗಳ ಮ್ಯಾಲ ಊರಿಗೆ ಬಂತು. ಮೂರು ವರ್ಷದ ಕೂಸು. ಅದರ ಅವ್ವ ಬಂದು, “ಅಕ್ಕಾರ, ಹೊತ್ತು ಮುಳುಗಿತಂದ್ರ ಇದು ಗ್ವಾಡಿ ಹಿಡಕೊಂಡು ಕುಂದರ್ತದ, ಏಳೂದ ಇಲ್ಲ” ಅಂದ್ಲು. ಸಂಜಿ ಅವರ ಮನಿಗೆ ಹೋದೆ. ಇನ್ನೂ ದೀಪ ಹಚ್ಚಿರಲಿಲ್ಲ, ನನಗ ಎಲ್ಲಾ ಕಾಣಸ್ತಿತ್ತು. ಕೂಸಿನ ಮುಂದ ತಾಟು ಇಟ್ರು. ಅದು ರೊಟ್ಟಿ ಹುಡುಕಲಾಕ ನೆಲದ ಮ್ಯಾಲ ಕೈಯಾಡಿಸ್ತು. ತಾಟು ಮಗ್ಗಲಕ್ಕ ಇತ್ತು. ಎರಡನೇ ಸಲ ಕೈ ತಾಟಿಗೆ ಬಡದು ಸಪ್ಪಳಾದ ಮ್ಯಾಲ ರೊಟ್ಟಿ ಸಿಕ್ತು. ಮರುದಿನ ಬೆಳಕಿನಾಗ ನೋಡಿದ್ರ ಕಣ್ಣಿನ ಬಿಳಿ ಭಾಗದ ಮ್ಯಾಲ, ಕರಿ ಗುಡ್ಡಿ ಮಗ್ಗಲಿಗೆ, ಸಾಬೂನಿನ ನೊರಿ ಒಣಗಿದಂಗ ಒಂದು ಕಲಿ.

ನನ್ನ ತಪ್ಪು ಏನಂದ್ರ, ದವಾಖಾನಿಗೆ ಕಳಸೂದು ಬಿಟ್ಟು “ಗಜ್ಜರಿ ತಿನಸರಿ” ಅಂತ ಹೇಳಿದೆ. ಪಾಪ, ಆಕಿ ಕೂಲಿ ರೊಕ್ಕದಾಗ ಗಜ್ಜರಿ ತಂದು ಹತ್ತು ದಿನ ತಿನಸಿದ್ಲು. ಏನೂ ಫರಕ ಬೀಳಲಿಲ್ಲ. ಕೂಸಿಗೆ ಆಗಾಗ ಭೇದಿ ಬ್ಯಾರೆ. ತೋಳಿಗೆ ಪಟ್ಟಿ ಸುತ್ತಿದ್ರ ಕೆಂಪು, 11.5 ಸೆಂಟಿಮೀಟರಿಗಿಂತ ಕಡಿಮಿ, ಅಂದ್ರ ತೀವ್ರ ಅಪೌಷ್ಟಿಕತೆ. ಆಗ ಎದಿ ಧಸಕ್ ಅಂತು. ಅವತ್ತ ಕರಕೊಂಡು ಹೋದೆ. ಡಾಕ್ಟರು ವಿಟಮಿನ್ ಎ ಔಷಧ ಕುಡಿಸಿದ್ರು, ಮರುದಿನ ಮತ್ತ ಕುಡಿಸಿದ್ರು, ಎರಡು ವಾರ ಬಿಟ್ಟು ಇನ್ನೊಮ್ಮೆ. ಅದರ ಕೂಡ ಹಾಲು, ತತ್ತಿ, ಬ್ಯಾಳಿ, ಶೇಂಗಾ ಹಾಕಿ ಊಟ ಶುರು ಮಾಡಿಸಿದ್ರು. ಮೂರನೇ ಸಂಜಿ ಕೂಸು ತಾನಾಗೇ ಎದ್ದು ಅವ್ವನ ಕಡಿ ನಡಕೋತ ಹೋತು. ಆಕಿ ಅತ್ತಿದ್ದು ಇನ್ನೂ ಕಣ್ಣಿಗೆ ಕಟ್ಟಿದಂಗ ಅದ.

ನನ್ನ ಪ್ರಶ್ನೆ ಇಷ್ಟ: ಹತ್ತು ದಿನ ಗಜ್ಜರಿ ತಿಂದ್ರೂ ಯಾಕ ಆಗಲಿಲ್ಲ, ಔಷಧ ಬಿದ್ದ ಎರಡು ದಿನದಾಗ ಹೆಂಗ ಆತು?

ನವನಗರ ಬಯೋಕೆಮ್ · ಮಂಗಳವಾರ, ರಾತ್ರಿ 10:15

ಅಕ್ಕಾ, ತಪ್ಪು ಅಂತ ನೋಯಬೇಡಿ. ನೀವು ಕರ್ಕೊಂಡು ಹೋಗದಿದ್ದರೆ ಕಾಯಿಲೆ ಕಪ್ಪು ಗುಡ್ಡೆಗೇ ಇಳೀತಿತ್ತು. ಅಲ್ಲಿಗೆ ಮುಟ್ಟಿದರೆ ಗುಡ್ಡೆ ಕರಗಿ ಹೋದ ಕಣ್ಣು ಮತ್ತೆ ಬರೋದಿಲ್ಲ.

ಗಜ್ಜರಿ ಯಾಕೆ ಸಾಲಲಿಲ್ಲ? ತರಕಾರಿಯ 12 ಮೈಕ್ರೋಗ್ರಾಂ ಬೀಟಾ ಕ್ಯಾರೋಟಿನ್‌ನಿಂದ ದೇಹಕ್ಕೆ ದಕ್ಕೋದು ಸುಮಾರು 1 ಮೈಕ್ರೋಗ್ರಾಂ ರೆಟಿನಾಲ್. ಅದೂ ಕರುಳು ಆರೋಗ್ಯವಾಗಿದ್ದು ಊಟದಲ್ಲಿ ಎಣ್ಣೆ ಇದ್ದಾಗ. ಈ ಮಗುವಿಗೆ ಭೇದಿ, ಊಟದಲ್ಲಿ ಕೊಬ್ಬಿಲ್ಲ. ಡಾಕ್ಟರ್ ಕೊಟ್ಟದ್ದು ಎಣ್ಣೆಯಲ್ಲಿ ಕರಗಿಸಿದ ಸಿದ್ಧ ವಿಟಮಿನ್. ಆ ಚಮಚದ 2 ಎಂಎಲ್‌ನಲ್ಲಿ 2 ಲಕ್ಷ ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಏಕಮಾನ), ಅಂದ್ರೆ 60 ಮಿಲಿಗ್ರಾಂ ಇರುತ್ತೆ. ಸರಕು ಬಿದ್ದ ಕೂಡಲೇ ಲಿವರ್‌ನಲ್ಲಿ ಕಾಯ್ತಾ ನಿಂತ ಗಾಡಿಗಳು ಹೊರಟವು. ಎರಡು ದಿನದಲ್ಲಿ ಕಣ್ಣು ಬಂದದ್ದು ಅದಕ್ಕೆ.

ಆದರೆ ಹಾಲು, ತತ್ತಿ, ಬೇಳೆ ಯಾಕೆ ಕೊಟ್ಟರು ಅನ್ನೋದೇ ನನಗೆ ಎಲ್ಲಕ್ಕಿಂತ ಮುಖ್ಯ. ಗಾಡಿಯೇ ಪ್ರೋಟೀನ್! ತೀರಾ ಪ್ರೋಟೀನ್ ಕೊರತೆ ಇರುವ ಮಗುವಿನ ಲಿವರ್ ಆರ್‌ಬಿಪಿಯನ್ನೂ ಟ್ರಾನ್ಸ್‌ಥೈರೆಟಿನನ್ನೂ ಸಾಕಷ್ಟು ಕಟ್ಟಲಾರದು. ಆಗ ಲಿವರ್‌ನಲ್ಲಿ ವಿಟಮಿನ್ ಎ ಇದ್ದರೂ ರಕ್ತಕ್ಕೆ ಬರೋದಿಲ್ಲ. ಮೈ ಊದಿಕೊಂಡ ಅಪೌಷ್ಟಿಕ ಮಕ್ಕಳಲ್ಲಿ ಇದನ್ನು ನೋಡಿದ್ದಾರೆ. ಬರೀ ಪ್ರೋಟೀನ್ ಊಟ ಕೊಟ್ಟಾಗಲೇ, ದಾಸ್ತಾನು ಇದ್ದ ಮಕ್ಕಳ ರಕ್ತದಲ್ಲಿ ವಿಟಮಿನ್ ಎ ಮಟ್ಟ ಏರಿತು. ಸತುವಿನ ಕೊರತೆ ಇದ್ದರೂ ಆರ್‌ಬಿಪಿ ಕಡಿಮೆಯಾಗುತ್ತೆ. ಜ್ವರ, ಸೋಂಕು ಬಂದಾಗ ಲಿವರ್ ಬೇರೆ ಪ್ರೋಟೀನ್ ಮಾಡೋದಕ್ಕೆ ತಿರುಗಿ ಇದನ್ನು ಕಡಿಮೆ ಮಾಡುತ್ತೆ. ದಡಾರ ಬಂದ ಮಕ್ಕಳ ಕಣ್ಣು ಹಠಾತ್ತನೆ ಕೆಡೋದಕ್ಕೆ ಇದೂ ಒಂದು ಕಾರಣ. ಒಂಬತ್ತನೇ ತಿಂಗಳಲ್ಲಿ ದಡಾರ ಲಸಿಕೆಯ ಜೊತೆಗೇ ಮೊದಲ 1 ಲಕ್ಷ ಐಯು ಕೊಡೋದು ಬಹಳ ಒಳ್ಳೆಯ ಏರ್ಪಾಡು. ಆಮೇಲೆ ಐದು ವರ್ಷ ತುಂಬುವವರೆಗೆ ಆರು ತಿಂಗಳಿಗೊಮ್ಮೆ 2 ಲಕ್ಷ.

ಅಂಗನವಾಡಿ ಅಕ್ಕ, ಇಂಡಿ ಕಡೆ · ಮಂಗಳವಾರ, ರಾತ್ರಿ 10:40

ಈಗ ತಿಳೀತು ರೀ. ಆಲಮಟ್ಟಿ ತುಂಬಿರ್ತದ, ಟ್ಯಾಂಕರ್ ಬರದ ನಮ್ಮೂರಾಗ ಕೊಡ ಖಾಲಿ ಇರ್ತಾವ. ಹಂಗ. ತಾಯಂದಿರ ಸಭಾದಾಗ ಹಿಂಗ ಹೇಳ್ತೀನಿ.

ಈ ಕುಟುಂಬ ಆರು ತಿಂಗಳ ಡೋಸ್ ಕುಡಿಸೂ ಹೊತ್ತಿನಾಗ ಊರಾಗ ಇರಲಿಲ್ಲ. ವಲಸೆ ಹೋಗೋ ಕೂಸುಗಳ ಪಟ್ಟಿ ಬ್ಯಾರೆ ವಹಿಯಾಗ ಬರದು ಇಟ್ಟೀನಿ ಈಗ.

ಅಥಣಿ ತಮ್ಮ · ಬುಧವಾರ, ಬೆಳಗ್ಗೆ 7:30

ನಮ್ಮ ಅಣ್ಣಗ 27 ವರ್ಷ. ಸಣ್ಣಂದಿನಿಂದ ರಾತ್ರಿ ಕಾಣಸೂದಿಲ್ಲ, ಈಗ ಹಗಲಿನಾಗೂ ಮಗ್ಗಲ ನೋಟ ಹೊಂಟದ. ಡಾಕ್ಟರು ರೆಟಿನೈಟಿಸ್ ಪಿಗ್ಮೆಂಟೋಸಾ ಅಂದಾರ. ಅಪ್ಪ ಅವ್ವ ಮಾವ-ಸೊಸಿ ಸಂಬಂಧ. ಯಾರೋ ಹೇಳಿದ್ರು ಅಂತ ದಿನಾ ವಿಟಮಿನ್ ಎ ಗುಳಿಗಿ ನುಂಗಾಕ ಹತ್ಯಾನ. ಗಾಡಿ ಸರಿ ಓಡಿದ್ರ ಅವನ ಕಣ್ಣೂ ಸರಿ ಆಗಬಹುದಾ? ಗೊತ್ತಿದ್ದವರು ಹೇಳ್ರಿ.

ಬೆಳಗಾವಿ ನೇತ್ರ · ಬುಧವಾರ, ಮಧ್ಯಾಹ್ನ 3:45

ಕಣ್ಣಿನ ವಿಭಾಗದಲ್ಲಿ ಕೆಲಸ ಮಾಡ್ತೀನಿ. ಗಾಡಿ ಕಣ್ಣಿನ ಬಾಗಿಲಿಗೆ ಬಂದ ಮೇಲೆ ಏನಾಗುತ್ತೆ ಅನ್ನೋದನ್ನು ಮೊದಲು ಹೇಳ್ತೀನಿ. ಅಥಣಿ ತಮ್ಮನ ಉತ್ತರ ಅದರಲ್ಲೇ ಇದೆ.

ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಹಿಡಿಯುವ ಪರದೆ, ಅಂದ್ರೆ ಅಕ್ಷಿಪಟಲ ಇದೆ. ಅದರ ಬೆನ್ನಿಗೆ ಒಂದೇ ಸಾಲಿನ ಕಪ್ಪು ಬಣ್ಣದ ಜೀವಕೋಶಗಳ ಹಾಸು, ಅದರಾಚೆ ರಕ್ತನಾಳಗಳ ದಟ್ಟ ಜಾಲ. ಕೋಶಗಳು ಒಂದಕ್ಕೊಂದು ಎಷ್ಟು ಬಿಗಿಯಾಗಿ ಹೊಲಿದುಕೊಂಡಿವೆ ಅಂದ್ರೆ, ರಕ್ತದಲ್ಲಿರುವ ಯಾವುದೂ ಕೇಳದೆ ಒಳಗೆ ಬರೋ ಹಾಗಿಲ್ಲ. ರಕ್ತದ ಕಡೆಯ ಮುಖದಲ್ಲಿ ಸ್ಟ್ರಾ6 ಅನ್ನೋ ಪ್ರೋಟೀನ್ ಇದೆ. ಇದೇ ಆರ್‌ಬಿಪಿಯನ್ನು ಗುರುತಿಸುವ ಬಾಗಿಲು ಅಂತ 2007ರಲ್ಲಿ ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದರು. ಗಾಡಿ ಒಳಗೆ ಬರೋದಿಲ್ಲ. ಹೊಸ್ತಿಲಲ್ಲೇ ನಿಂತು ರೆಟಿನಾಲ್ ಒಂದನ್ನೇ ಇಳಿಸಿ ಹೋಗುತ್ತೆ. ಒಳಗಿನ ಒಂದು ಕಿಣ್ವ ತಕ್ಷಣ ಅದಕ್ಕೆ ಕೊಬ್ಬಿನಾಮ್ಲ ಕಟ್ಟಿ, ವಾಪಸ್ ಹೊರಗೆ ಹೋಗದಂತೆ ಹಿಡಿದಿಡುತ್ತೆ. ಹುಟ್ಟಿನಿಂದಲೇ ಸ್ಟ್ರಾ6 ಜೀನ್ ತೀವ್ರವಾಗಿ ಕೆಟ್ಟಿರುವ ಮಕ್ಕಳಲ್ಲಿ ಕಣ್ಣುಗಳೇ ಬೆಳೆದಿರೋದಿಲ್ಲ.

ಆಮೇಲೆ ಆರ್‌ಪಿಇ65 ಅನ್ನೋ ಇನ್ನೊಂದು ಕಿಣ್ವ ರೆಟಿನಾಲ್‌ನ ನೇರ ಸರಪಳಿಯಂಥ ಬಾಲವನ್ನು ಒಂದು ಕಡೆ ಬಗ್ಗಿಸುತ್ತೆ. ಬಗ್ಗಿದ ರೂಪ ಬೆಳಕು ಹಿಡಿಯುವ ಕೋಶಕ್ಕೆ ದಾಟಿ, ಆಪ್ಸಿನ್ ಅನ್ನೋ ಪ್ರೋಟೀನಿನ ಜೊತೆ ಕೂಡಿ ರೊಡಾಪ್ಸಿನ್ ಆಗುತ್ತೆ. ಬೆಳಕು ಬಿದ್ದ ಕೂಡಲೇ ಬಗ್ಗಿದ್ದು ನೆಟ್ಟಗಾಗುತ್ತೆ. ಆ ಒಂದು ಮಿಡಿತವೇ ನೋಟದ ಮೊದಲ ಹೆಜ್ಜೆ. ನೆಟ್ಟಗಾದದ್ದು ಮತ್ತೆ ಕಪ್ಪು ಹಾಸಿಗೆ ಮರಳಿ, ಮತ್ತೆ ಬಗ್ಗಿ ಬರುತ್ತೆ. ಅಕ್ಷಿಪಟಲದಲ್ಲಿ ವಿಟಮಿನ್ ಎ ಇದೆ ಅಂತ 1933ರಲ್ಲೇ ಕಂಡುಹಿಡಿದವರು ಜಾರ್ಜ್ ವಾಲ್ಡ್. 1967ರ ನೊಬೆಲ್ ಅವರಿಗೂ ಸಂದಿತು. ಮಂದ ಬೆಳಕಿನ ನೋಟಕ್ಕೆ ರೊಡಾಪ್ಸಿನ್ ಬೇಕೇ ಬೇಕು. ಕೊರತೆಯಾದಾಗ ಮೊದಲು ಸಂಜೆಯ ಕಣ್ಣು ಹೋಗೋದು ಅದಕ್ಕೆ.

ಗಾಡಿಯ ಮೇಲೆ ಕಣ್ಣು ಎಷ್ಟು ಅವಲಂಬಿಸಿದೆ ಅನ್ನೋದಕ್ಕೆ ಒಂದು ನಿಜ ಘಟನೆ. ಜರ್ಮನಿಯ ಇಬ್ಬರು ಹದಿಹರೆಯದ ಅಕ್ಕತಂಗಿಯರಿಗೆ ಆರ್‌ಬಿಪಿ ಜೀನಿನಲ್ಲೇ ದೋಷವಿತ್ತು, ರಕ್ತದಲ್ಲಿ ಆರ್‌ಬಿಪಿ ಪತ್ತೆಯೇ ಆಗಲಿಲ್ಲ. 1999ರಲ್ಲಿ ಇದು ವರದಿಯಾಯಿತು. ಮೈಯ ಉಳಿದ ಭಾಗಕ್ಕೆ ಊಟದ ನಂತರದ ಆ ಕೊಬ್ಬಿನ ಹನಿಗಳಿಂದಲೇ ಹೇಗೋ ಸಾಕಾಗಿತ್ತು, ಅಂಥ ದೊಡ್ಡ ತೊಂದರೆ ಇರಲಿಲ್ಲ. ಆದರೆ ರಾತ್ರಿಯ ನೋಟ ಕೆಟ್ಟಿತ್ತು.

ಈಗ ಅಥಣಿ ತಮ್ಮ, ನಿಮ್ಮ ಅಣ್ಣನ ಕಾಯಿಲೆಯಲ್ಲಿ ಗಾಡಿ, ಸರಕು ಎರಡೂ ಸಾಮಾನ್ಯವಾಗಿ ಸರಿ ಇರ್ತವೆ. ಕೆಟ್ಟಿರೋದು ಮನೆಯೊಳಗೆ, ಕಣ್ಣಿನ ಕೋಶಗಳ ಜೀನಿನಲ್ಲಿ. ಗುಳಿಗೆಯಿಂದ ಅದು ಸರಿಹೋಗೋದಿಲ್ಲ. ಕೆಲವು ಆನುವಂಶಿಕ ಕಾಯಿಲೆಗಳಲ್ಲಿ, ಉದಾಹರಣೆಗೆ ಎಬಿಸಿಎ4 ಜೀನ್ ಕೆಟ್ಟಿದ್ದರೆ, ಹೆಚ್ಚುವರಿ ವಿಟಮಿನ್ ಎ ಕೆಡುಕೇ ಮಾಡಬಹುದು. ಅದಕ್ಕೆ ಮೊದಲು ಜೀನ್ ಪರೀಕ್ಷೆ ಮಾಡಿಸಿ, ಗುಳಿಗೆಯ ವಿಷಯ ಡಾಕ್ಟರಿಗೆ ಹೇಳಿ. ಆರ್‌ಪಿಇ65 ಜೀನ್ ಒಂದೇ ಕೆಟ್ಟಿರುವ ಕೆಲವರಿಗೆ ಜೀನ್ ಚಿಕಿತ್ಸೆ ಇದೆ, ಅಮೆರಿಕದಲ್ಲಿ 2017ರಲ್ಲಿ ಒಪ್ಪಿಗೆ ಸಿಕ್ಕಿತು. ಬಹಳ ದುಬಾರಿ, ಎಲ್ಲರಿಗೂ ಆಗುವಂಥದ್ದಲ್ಲ. ಆದರೂ ಯಾವ ಜೀನ್ ಅಂತ ಗೊತ್ತಿರಲಿ.

ಅಥಣಿ ತಮ್ಮ · ಬುಧವಾರ, ಸಂಜೆ 6:20

ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಗುಳಿಗಿ ಇವತ್ತ ಬಂದ್ ಮಾಡಿಸ್ತೀನಿ, ಡಾಕ್ಟರ ಹತ್ರ ಕೇಳೂತನಕ.

ಖಾನಾಪುರ ಫಾರ್ಮಾ · ಬುಧವಾರ, ಸಂಜೆ 7:02

ಅಲ್ಬುಮಿನ್ ಅಂತ ಬರೆದವನು ನಾನೇ, ತಿದ್ದಿದ್ದಕ್ಕೆ ಧನ್ಯವಾದ. ಗುಳಿಗೆಯ ಮಾತು ಬಂದದ್ದಕ್ಕೆ ಒಂದು ವಿನಂತಿ. ಬಸುರಿ ಹೆಣ್ಣುಮಕ್ಕಳು ತಾವಾಗಿ ವಿಟಮಿನ್ ಎ ಗುಳಿಗೆ ತಗೋಬೇಡಿ. ಕೊರತೆ ಇರುವ ಪ್ರದೇಶದಲ್ಲೂ ದಿನಕ್ಕೆ 10,000 ಐಯು ದಾಟಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಹೆಚ್ಚಾದರೆ ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ. ಸೊಪ್ಪು, ಪಪ್ಪಾಯಿ, ಕುಂಬಳಕಾಯಿಯ ಕ್ಯಾರೋಟಿನ್‌ಗೆ ಆ ಭಯ ಇಲ್ಲ. ದೇಹ ತನಗೆ ಬೇಕಾದಷ್ಟೇ ಕತ್ತರಿಸಿಕೊಳ್ಳುತ್ತೆ. ತೀರಾ ಹೆಚ್ಚು ತಿಂದರೆ ಅಂಗೈ ಹಳದಿಯಾದೀತು, ಅಷ್ಟೇ.

ವಿಜಯಪುರದ ಮಾಸ್ತರ · ಗುರುವಾರ, ರಾತ್ರಿ 8:30

ಮಾತು ಕೊಟ್ಟಂತೆ ಇವತ್ತು ಪಾಠ ಆಯ್ತು. ಒಂದು ಗ್ಲಾಸಿನಲ್ಲಿ ನೀರು, ಇನ್ನೊಂದರಲ್ಲಿ ಬೆಚ್ಚಗಿನ ಶೇಂಗಾ ಎಣ್ಣೆ. ಎರಡಕ್ಕೂ ತುರಿದ ಗಜ್ಜರಿ ಹಾಕಿ ಕಾದ್ವಿ. ಅರ್ಧ ತಾಸಿನಲ್ಲಿ ಎಣ್ಣೆ ಕೇಸರಿ ಬಣ್ಣಕ್ಕೆ ತಿರುಗಿತು, ನೀರು ಹೆಚ್ಚುಕಡಿಮೆ ಹಾಗೇ ಇತ್ತು. ಆ ಕೇಸರಿ ಎಣ್ಣೆಯನ್ನು ಸೋಸಿ ನೀರಿಗೆ ಸುರಿದರೆ ಮೇಲೆ ತೇಲಿ ನಿಂತಿತು. ಅಲ್ಲಿಂದ ನಿಮ್ಮ ಪೀಪಾಯಿಯ ಕಥೆ ಹೇಳಿದೆ. ಗಂಟೆ ಹೊಡೆದರೂ ಯಾರೂ ಏಳಲಿಲ್ಲ.

ಪ್ರಶ್ನೆ ಕೇಳಿದ ಹುಡುಗಿ ಮತ್ತೆ ಎದ್ದಳು. “ಸರ್, ಕಣ್ಣಿನ ಬಾಗಲದಾಗ ಸರಕು ಇಳಿಸಿದ ಮ್ಯಾಲ ಖಾಲಿ ಗಾಡಿ ಎಲ್ಲಿ ಹೋಗ್ತದ?”

ನವನಗರ ಬಯೋಕೆಮ್ · ಗುರುವಾರ, ರಾತ್ರಿ 9:05

ಆ ಹುಡುಗಿಗೆ ನನ್ನ ನಮಸ್ಕಾರ ತಿಳಿಸಿ. ರೆಟಿನಾಲ್ ಇಳಿದ ಮೇಲೆ ಆರ್‌ಬಿಪಿಗೂ ಟ್ರಾನ್ಸ್‌ಥೈರೆಟಿನ್‌ಗೂ ಇರುವ ಹಿಡಿತ ಸಡಿಲಾಗುತ್ತೆ. ಒಂಟಿಯಾದ ಆರ್‌ಬಿಪಿ ಕಿಡ್ನಿಯ ಜರಡಿಯಲ್ಲಿ ಇಳಿದುಹೋಗುತ್ತೆ. ಆದರೆ ಮೂತ್ರಕ್ಕೆ ಹೋಗೋದಿಲ್ಲ. ಜರಡಿಯ ಮುಂದಿನ ನಾಳದ ಕೋಶಗಳು ಅದನ್ನು ಹಿಡಿದು, ಒಡೆದು, ಅಮೈನೋ ಆಮ್ಲಗಳನ್ನು ದೇಹಕ್ಕೆ ಮರಳಿಸ್ತವೆ.

ಕಿಡ್ನಿ ಕೆಟ್ಟವರಲ್ಲಿ ಈ ವಿಲೇವಾರಿ ನಿಲ್ಲುತ್ತೆ. ರಕ್ತದಲ್ಲಿ ಆರ್‌ಬಿಪಿಯೂ ವಿಟಮಿನ್ ಎಯೂ ಏರುತ್ತವೆ. ಅಂಥವರಿಗೆ ವಿಟಮಿನ್ ಎ ಇರುವ ಸಾಮಾನ್ಯ ಮಲ್ಟಿವಿಟಮಿನ್ ಕೊಡಬಾರದು ಅನ್ನೋದು ಅದಕ್ಕೇ.

ಜಮಖಂಡಿ ಗೃಹಿಣಿ · ಗುರುವಾರ, ರಾತ್ರಿ 9:50

ಇದನ್ನ ಓದಿ ಕೈಕಾಲು ತಣ್ಣಗಾದುವು. ನಮ್ಮ ಯಜಮಾನರಿಗೆ ವಾರಕ್ಕ ಎರಡು ಸಲ ಡಯಾಲಿಸಿಸ್ ಆಗ್ತದ. ಶಕ್ತಿ ಬರಲಿ ಅಂತ ಒಂದು ಅಂಗಡಿಯಾಗ ಕೇಳಿ ಗುಳಿಗಿ ಡಬ್ಬಿ ತಂದಿದ್ದೆ, ಎರಡು ತಿಂಗಳಾತು. ಈಗ ಕನ್ನಡಕ ಹಾಕ್ಕೊಂಡು ಡಬ್ಬಿ ಹಿಂದ ಓದಿದೆ. ವಿಟಮಿನ್ ಎ 5,000 ಐಯು ಅಂತ ಬರದದ.

ನವನಗರ ಬಯೋಕೆಮ್ · ಗುರುವಾರ, ರಾತ್ರಿ 9:54

ಗಾಬರಿ ಆಗಬೇಡಿ ಅಕ್ಕಾ. ಇವತ್ತಿನ ಗುಳಿಗೆ ಕೊಡಬೇಡಿ, ಕಿಡ್ನಿ ಡಾಕ್ಟರಿಗೆ ಡಬ್ಬಿಯನ್ನೇ ತೋರಿಸಿ. ಡಯಾಲಿಸಿಸ್ ಆಗುವವರಿಗೆ ಅಂತಲೇ ಬಿ ಮತ್ತು ಸಿ ಇರುವ ಬೇರೆ ಗುಳಿಗೆ ಬರೆದುಕೊಡ್ತಾರೆ.

ಜಮಖಂಡಿ ಗೃಹಿಣಿ · ಗುರುವಾರ, ರಾತ್ರಿ 10:02

ನಾಳೆನೇ ಪಾಳಿ ಅದ. ಡಬ್ಬಿ ಅವರ ಫೈಲಿನ ಚೀಲದಾಗ ಇಟ್ಟೆ.